ಇಪ್ಪತ್ತೆರಡು ಹಾಸಿಗೆಗಳ ಅಕ್ಕನಿಗೆ ಒಂದು ಭಾನುವಾರ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ, ಮೊದಲ ಬಸ್ಸಿಗೆ ಹೊರಟವರ ಕೋಣೆಗೆ ನುಗ್ಗಿ ಅಕ್ಕ ಬಿಳಿ ಬೆಡ್‌ಶೀಟನ್ನು ಪಟ್ಟೆಂದು ಕೊಡವುತ್ತಾರೆ. ಅಂಚನ್ನು ಹಾಸಿಗೆಯಡಿ ತುರುಕಿ, ಮೂಲೆಯನ್ನು ಲಕೋಟೆಯಂತೆ ಮಡಚಿ, ಅಂಗೈಯಿಂದ ಒಮ್ಮೆ ಸವರಿದರೆ ಮುಗಿಯಿತು. ಒಂದು ಹಾಸಿಗೆಗೆ ಮೂರೇ ನಿಮಿಷ. ಹೀಗೆ ದಿನಕ್ಕೆ ಇಪ್ಪತ್ತೆರಡು ಕೋಣೆ, ಹತ್ತೊಂಬತ್ತು ವರ್ಷದಿಂದ. ಅವರಿಗಿಂತ ಹತ್ತು ವರ್ಷ ಹಿರಿಯರಾದ ಲಾಡ್ಜಿನ ಯಜಮಾನರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ.

ಪಕ್ಕದ ರಸ್ತೆಯ ಆಸ್ಪತ್ರೆ ಎರಡು ವರ್ಷದ ಹಿಂದೆ ಹೊಸ ಕಟ್ಟಡ ಎಬ್ಬಿಸಿದ್ದೇ ತಡ, ಈ ಬೀದಿಯ ಅಂಗಡಿಯವರ ನಿದ್ದೆ ಹಾರಿಹೋಯಿತು. ವಾರ್ಡಿಗೆ ಆಯಾಗಳು ಬೇಕು, ಅಡುಗೆಗೆ ಜನ ಬೇಕು, ಬಟ್ಟೆ ಒಗೆಯಲು ಜನ ಬೇಕು. ಬೇಕರಿಯಲ್ಲಿ ಹಿಟ್ಟು ನಾದುವವನು ಹೋದ, ಟೈಲರ್ ಅಂಗಡಿಯಿಂದ ಇಬ್ಬರು ಹೋದರು. ಅಕ್ಕ ಕೈ ಹಿಡಿದು ಕಲಿಸಿದ ಹುಡುಗಿಯರಂತೂ ಒಬ್ಬೊಬ್ಬರಾಗಿ ಒಂಬತ್ತು ಮಂದಿ.

"ನಾನು ಕಲಿಸೋದು, ಅವರು ಕರ್ಕೊಂಡು ಹೋಗೋದು! ಮೊದಮೊದಲು ಹೊಟ್ಟೆ ಉರೀತಿತ್ತು. ಈಗ ಯಾರನ್ನಾದ್ರೂ ನೋಡೋಕೆ ವಾರ್ಡಿಗೆ ಹೋದ್ರೆ, ಹಾಸಿಗೆ ಮೂಲೆ ನೋಡಿನೇ ಹೇಳ್ತೀನಿ, ಇದು ನಮ್ಮ ಹುಡುಗಿ ಹಾಸಿದ್ದು ಅಂತ." ಹೇಳುವಾಗ ಮುಖ ಊರಗಲ.

ಆದರೆ ಐದಾರು ಜನರ ಕೆಲಸ ಅಕ್ಕ ಮತ್ತು ಇನ್ನೊಬ್ಬಳ ತಲೆಗೆ ಬಿತ್ತು. ವಾರದ ರಜೆ ಎಂಬುದನ್ನು ಅಕ್ಕ ಕಂಡೇ ಇಲ್ಲ. ಕೇಳಿದಾಗಲೆಲ್ಲ ಯಜಮಾನರು "ಮುಂದಿನ ತಿಂಗಳು ನೋಡೋಣ" ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. ಕಳೆದ ವಾರ ಆಸ್ಪತ್ರೆಯ ಕಾಗದ ಅಕ್ಕನ ಹೆಸರಿಗೇ ಬಂತು: ಹೊಸ ಆಯಾಗಳಿಗೆ ಹಾಸಿಗೆ ಕೆಲಸ ಕಲಿಸಬೇಕು, ವಾರಕ್ಕೊಂದು ರಜೆ. ಅಕ್ಕ ಅದನ್ನು ಯಜಮಾನರ ಮೇಜಿನ ಮೇಲಿಟ್ಟರು.

"ಹೋಗ್ತೀರಾ ಅಕ್ಕ?" ಯಜಮಾನರು ಕಾಗದ ಓದಿ ಕನ್ನಡಕ ತೆಗೆದರು.

"ಇಲ್ಲಿ ರಜೆ ಸಿಕ್ರೆ ಇಲ್ಲೇ ಇರ್ತೀನಿ. ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ."

ಮರುದಿನವೇ ಗೋಡೆಯ ಮೇಲೆ ರಜೆಯ ಪಟ್ಟಿ ಬಿತ್ತು, ಸಂಬಳವೂ ಏರಿತು. ಇದು ಕಿವಿಗೆ ಬಿದ್ದದ್ದೇ ಬೇಕರಿಯವರೂ ಟೈಲರೂ ದಾರಿಗೆ ಬಂದರು. ಹೋದ ಒಂಬತ್ತು ಮಂದಿಯಲ್ಲಿ ಇಬ್ಬರು ವಾಪಸಾಗಿದ್ದಾರೆ. ಈಗ ಲಾಡ್ಜಿನ ಮೆಟ್ಟಿಲ ಮೇಲೆ ಬಕೆಟ್ಟಿನ ಸದ್ದಿಗಿಂತ ನಗುವಿನ ಸದ್ದೇ ಜೋರು.

ಬರುವ ಭಾನುವಾರ ಅಕ್ಕನ ಮೊದಲ ರಜೆ. ಏನು ಮಾಡ್ತೀರಿ ಎಂದರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

"ನಮ್ಮನೆಯವರಿಗೆ ಹೇಳಿಟ್ಟಿದೀನಿ, ಅವತ್ತು ಹಾಸಿಗೆ ನೀವೇ ಹಾಸ್ಬೇಕು ಅಂತ. ಮೂವತ್ತು ವರ್ಷದ ಸಂಸಾರ, ಒಂದು ದಿನ ಹಾಸಿದವರಲ್ಲ. ಹೇಗೇ ಹಾಸ್ಲಿ, ನಾನು ಎದ್ದು ಸರಿ ಮಾಡಲ್ಲ. ಮಧ್ಯಾಹ್ನದ ತನಕ ಅದರ ಮೇಲೇ ಮಲಗ್ತೀನಿ."