ಒಂದು ಇಳೀಲಿಲ್ಲ

ಮುಂಬಯಿಯ ಲೋಕಲ್ ಗಾಡಿಯ ಬಾಗಿಲ ಬಳಿ ನಿಂತವನಿಗೆ ಬೆನ್ನ ಹಿಂದಿನಿಂದ ಬರುವ ಪ್ರಶ್ನೆ ಒಂದೇ: ‘ದಾದರ್ ಉತರೇಗಾ ಕ್ಯಾ?’ ನಿಮ್ಮ ಹೆಸರು, ಕುಲಗೋತ್ರ, ವಿದ್ಯಾಬುದ್ಧಿ ಯಾವುದೂ ಆ ಪ್ರಶ್ನಕರ್ತನಿಗೆ ಬೇಡ. ನೀವು ಇಳಿಯುವವರೋ ಅಲ್ಲವೋ, ಅಷ್ಟು ತಿಳಿದರೆ ಸಾಕು. ಬೈಕುಲ್ಲಾದ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸಲೆಂದು ಜೋಗೇಶ್ವರಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸುತ್ತ ಆಯುಷ್ಯದ ಬಹುಭಾಗ ಕಳೆದ ನಾನು ಈ ಪ್ರಶ್ನೆಗೆ ತಲೆಯಾಡಿಸಿದ್ದೇನೆಯೇ ಹೊರತು, ಇಳಿಯುವುದೆಂದರೇನು ಎಂದು ಎಂದೂ ಯೋಚಿಸಿದವನಲ್ಲ. ಯೋಚಿಸುವಂತೆ ಮಾಡಿದವನು ನನ್ನ ಮೊಮ್ಮಗ. ಅವನ ಹೆಸರು ರೇಯಾಂಶ್. ಅರ್ಥವನ್ನು ದಯವಿಟ್ಟು ನನ್ನಲ್ಲಿ ಕೇಳಬೇಡಿ. ನಿಘಂಟುಗಳನ್ನೆಲ್ಲ ಜಾಲಾಡಿ ಸೋತು, ಈಗ ‘ಪುಟ್ಟ’ ಎಂದು ಕರೆಯುತ್ತಿದ್ದೇನೆ.

ಪುಟ್ಟನಿಗೆ ಒಂಬತ್ತು ತಿಂಗಳಾಗಿದ್ದಾಗ, ಅವನನ್ನು ಮಕ್ಕಳ ಡಾಕ್ಟರರಿಗೆ ತೋರಿಸಿ ಲೋಕಲಿನಲ್ಲಿ ಹಿಂದಿರುಗಿದ ಸೊಸೆ ಶ್ವೇತಾ ಸ್ಟೇಷನ್ನಿನಿಂದಲೇ ಫೋನು ಮಾಡಿದಳು. ಆಂಟಾಪ್ ಹಿಲ್‌ನಲ್ಲಿ ಹುಟ್ಟಿ ಬೆಳೆದ ಮುಂಬಯಿ ಹುಡುಗಿ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಅಲ್ಲಲ್ಲಿ ತಡವರಿಸುತ್ತಾಳೆ. ‘ಮಾವ, ಒಂದು ಇಳೀಲಿಲ್ಲ. ಒಂದೇ ಇಳಿದದ್ದು’ ಎಂದಳು. ದನಿ ಅಳುವಂತಿತ್ತು. ಬೆಳಿಗ್ಗೆ ಗಂಡ ಹೆಂಡತಿ ಎರಡು ಚೀಲ ಹೊತ್ತು ಹೊರಟದ್ದನ್ನು ಕಣ್ಣಾರೆ ಕಂಡಿದ್ದ ನಾನು, ಅಳಬೇಡ, ಸ್ಟೇಷನ್ ಮಾಸ್ತರರಿಗೆ ಹೇಳಿದರೆ ಬೋರಿವಲಿಯಲ್ಲಿ ಇಳಿಸಿಡುತ್ತಾರೆ ಎಂದು ಧೈರ್ಯ ತುಂಬಿದೆ. ಆಮೇಲೆ ಮಗ ಪ್ರಶಾಂತ ಫೋನು ತೆಗೆದುಕೊಂಡು, ಇಳಿಯದೆ ಉಳಿದದ್ದು ಪುಟ್ಟನ ಎರಡು ವೃಷಣಗಳಲ್ಲಿ ಒಂದು ಎಂದು ಇಂಗ್ಲಿಷಿನಲ್ಲಿ ತಿಳಿಸಿದ. ಅದು ಕಿಬ್ಬೊಟ್ಟೆಯಲ್ಲೇ ನಿಂತುಬಿಟ್ಟಿದೆ, ತಾನಾಗಿ ಬರುವ ಕಾಲ ಮುಗಿದಿದೆ, ವರ್ಷ ತುಂಬುವುದರೊಳಗೆ ಆಪರೇಷನ್ ಮಾಡಿ ಇಳಿಸದಿದ್ದರೆ ಮುಂದೆ ಅದರಲ್ಲಿ ಬೀಜ ಬಲಿಯುವುದು ಕಷ್ಟ, ಕೆಟ್ಟ ಗಡ್ಡೆಯಾಗುವ ಭಯವೂ ಉಂಟು ಎಂದು ಡಾಕ್ಟರರು ಹೇಳಿದ್ದರಂತೆ. ಮಾವನೆದುರು ನಾಮಪದ ಉಚ್ಚರಿಸಲಾರದೆ ಸೊಸೆ ಬರಿಯ ಕ್ರಿಯಾಪದವನ್ನು ಕಳಿಸಿದ್ದಳು. ಕರ್ತೃಪದ ಬಿಟ್ಟುಹೋದ ವಾಕ್ಯಗಳನ್ನು ಜನ್ಮವಿಡೀ ತಿದ್ದಿದ ಪಂಡಿತನಾದ ನಾನು ಬಿಟ್ಟ ಸ್ಥಳವನ್ನು ಚೀಲದಿಂದ ತುಂಬಿದ್ದೆ. ಶರೀರಶಾಸ್ತ್ರದವರು ಅದರ ಕೋಶವನ್ನು ವೃಷಣಚೀಲ ಎಂದೇ ಕರೆಯುತ್ತಾರೆಂದು ಗೊತ್ತಾದ ಮೇಲೆ, ನಾನು ತೀರಾ ದೂರ ಹೋಗಿರಲಿಲ್ಲ ಎಂಬ ಸಮಾಧಾನವಾಯಿತು. ಚೀಲ ಸರಿಯಾಗಿಯೇ ಇಳಿದಿತ್ತು. ಒಂದು ಬದಿ ಖಾಲಿಯಿತ್ತು, ಅಷ್ಟೆ.

ನಿಜವಾದ ಕಷ್ಟ ಇದ್ದದ್ದು ಮನೆಯೊಳಗೆ. ಮಗುವನ್ನು ಹಗಲೆಲ್ಲ ಮಡಿಲಲ್ಲಿಟ್ಟು ಸಾಕುತ್ತಿರುವವಳು ನನ್ನ ಹೆಂಡತಿ ವಾರಿಜ. ಅವಳು ಹೂಂ ಎನ್ನದೆ ಮಗ ಸೊಸೆ ಒಂದು ಹೆಜ್ಜೆಯೂ ಮುಂದಿಡಲಾರರು. ಅವಳಿಗೆ ತಿಳಿಸಿ ಹೇಳುವ ಹೊಣೆ ಭಾಷಾಪ್ರಭುವಾದ ನನ್ನ ಮೇಲೆ ಬಿತ್ತು. ನಾನು ಗಂಟಲು ಸರಿಮಾಡಿಕೊಂಡು, ಪುಟ್ಟನ ವೃಷಣದ ವಿಷಯ ಮಾತಾಡಬೇಕಿತ್ತು ಎಂದೆ. ‘ಅವನದ್ದು ಮಿಥುನ ರಾಶಿಯಲ್ಲವಾ?’ ಎಂದಳು. ಅಂಡ ಎನ್ನೋಣವೆಂದರೆ ನಮ್ಮ ಬಿಲ್ಡಿಂಗಿನ ಕೆಳಗೇ ಮೊಟ್ಟೆ ಬುರ್ಜಿಯ ಗಾಡಿಯವನು ಅದೇ ಶಬ್ದಕ್ಕೆ ದೀರ್ಘ ಸೇರಿಸಿ ದಿನವಿಡೀ ಕೂಗುತ್ತಿರುತ್ತಾನೆ. ಬೀಜ ಎಂದರೆ ನಮ್ಮ ಉಡುಪಿಯ ಕಡೆಯವರಿಗೆ ಮೊದಲು ನೆನಪಾಗುವುದು ಗೇರುಬೀಜ. ಜಗತ್ತಿಗೆಲ್ಲ ಬ್ರಹ್ಮಾಂಡ ಎಂದು ಧಾರಾಳವಾಗಿ ಹೆಸರಿಟ್ಟ ಭಾಷೆ, ಒಂದು ಮಗುವಿನ ಅಂಡದ ಮಾತು ಬಂದಾಗ ಸೆರಗು ಹೊದ್ದು ಒಳಗೆ ನಡೆದುಬಿಡುತ್ತದೆ. ಕೊನೆಗೆ ಕೈಸನ್ನೆಯಿಂದ ಅವಳಿಗೆ ವಿಷಯ ತಿಳಿಯಿತು; ತಿಳಿದೊಡನೆ ಮುಖ ಗಂಟಿಕ್ಕಿತು. ಮಗುವಿಗೆ ಕತ್ತಿ ತಾಗಿಸುವುದು ಬೇಡ, ಅದು ತಾನಾಗಿ ಇಳಿಯುತ್ತದೆ, ಆಂಟಾಪ್ ಹಿಲ್‌ನ ಬೀಗರ ಕಿವಿಗೂ ಬೀಳಕೂಡದು ಎಂದು ಮಾತು ಮುಗಿಸಿದಳು. ಶ್ವೇತಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಂಥ ದಿನಗಳ ಮಧ್ಯಾಹ್ನ ನಾನು ಗಾಳಿಯಾಡುವ ಗ್ಯಾಲರಿಯ ಆರಾಮ ಕುರ್ಚಿಯಲ್ಲಿ ಪುಟ್ಟನನ್ನು ಎದೆಯ ಮೇಲೆ ಮಲಗಿಸಿಕೊಂಡು, ಮೊಬೈಲಿನಲ್ಲಿ ಶರೀರಶಾಸ್ತ್ರ ಓದುತ್ತಿದ್ದೆ. ಓದು ಯಾವಾಗ ಮುಗಿದು ಜೊಂಪು ಯಾವಾಗ ಹತ್ತುತ್ತಿತ್ತೋ ತಿಳಿಯದು. ನಾನು ಓದಿದ್ದೆಷ್ಟು, ಕಂಡ ಕನಸೆಷ್ಟು ಎಂದು ವಿಂಗಡಿಸುವುದು ಈಗಲೂ ಕಷ್ಟ. ವೃಷಣ ಹುಟ್ಟುವುದು ಕೆಳಗಲ್ಲವಂತೆ, ಹೊಟ್ಟೆಯ ಮೇಲುಭಾಗದಲ್ಲಿ, ಮೂತ್ರಪಿಂಡದ ನೆರೆಯಲ್ಲಿ. ಮಗು ಇನ್ನೂ ಗರ್ಭದಲ್ಲಿರುವಾಗಲೇ ಅದು ಆ ಬೆಚ್ಚನೆಯ ಊರನ್ನು ಬಿಟ್ಟು, ನಾರಿನ ಹುರಿಯೊಂದು ದಾರಿ ತೋರಿಸಿದಂತೆ ಮೆಲ್ಲಮೆಲ್ಲನೆ ಸರಿದು, ತೊಡೆಸಂದಿಯ ಕಿರುಬಾಗಿಲನ್ನು ದಾಟಿ, ತನಗಾಗಿ ಮೊದಲೇ ಸಿದ್ಧವಾಗಿರುವ ಚೀಲಕ್ಕೆ ಬಂದಿಳಿಯುತ್ತದೆ. ಬೀಜ ಬಲಿಯಬೇಕಾದರೆ ಮೈಯ ಕಾವಿಗಿಂತ ತುಸು ತಂಪು ಬೇಕು. ಅದಕ್ಕೇ ಪ್ರಕೃತಿ ಆ ಜೋಡಿಯನ್ನು ದೇಹದ ಗ್ಯಾಲರಿಗೆ ತಂದಿರಿಸಿದೆ. ಚಳಿಯಾದರೆ ಒಂದು ಸ್ನಾಯು ಅದನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಸೆಕೆಯಾದರೆ ಸಡಿಲ ಬಿಡುತ್ತದೆ, ನಮ್ಮ ಅಪ್ಪಣೆಗೆ ಕಾಯುವುದಿಲ್ಲ.

ಇಳಿದು ಬಂದದ್ದಕ್ಕೂ ಬಿಟ್ಟ ಊರಿಗೂ ಸಂಬಂಧ ಮಾತ್ರ ಕಡಿಯುವುದಿಲ್ಲ, ನೋಡಿ. ಅದರ ಪಾಲಿನ ರಕ್ತ ಇಂದಿಗೂ ಆ ಮೇಲಿನ ಊರಿನಿಂದಲೇ, ಉದ್ದನೆಯ ನಾಳದಲ್ಲಿ ಹರಿದು ಬರುತ್ತದೆ. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಹಿಂಬದಿಯ ಸುರುಳಿ ನಾಳದಲ್ಲಿ ತಂಗಿ ಈಜುವ ಶಕ್ತಿ ಪಡೆಯುತ್ತವೆ. ಹೊರಡುವ ಗಳಿಗೆ ಬಂದಾಗ ನೇರವಾಗಿ ಹೊರಬೀಳದೆ ಮತ್ತೆ ಹೊಟ್ಟೆಯೊಳಕ್ಕೆ ಹತ್ತಿಹೋಗಿ, ಮೂತ್ರಕೋಶದ ಹಿಂದಿನಿಂದ ಬಳಸಿ, ದಾರಿಯ ಗ್ರಂಥಿಗಳಿಂದ ರಸದ ಬುತ್ತಿ ಕಟ್ಟಿಸಿಕೊಂಡು, ಆಮೇಲಷ್ಟೇ ಹೊರಗಿನ ಹಾದಿ ಹಿಡಿಯುತ್ತವೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಚೆಂಡು ಆಯಕಟ್ಟಿನ ಜಾಗಕ್ಕೆ ಬಡಿದಾಗ ಹುಡುಗರು ಹೊಟ್ಟೆ ಹಿಡಿದು ಕೂರುವುದನ್ನು ನೀವೂ ಕಂಡಿರಬಹುದು, ಗಂಡಸರಾಗಿದ್ದರೆ ಕೂತೂ ಇರಬಹುದು. ಅದಕ್ಕೂ ಕಾರಣ ಇದೇ: ನೋವಿನ ನರಗಳು ಇನ್ನೂ ಹಳೆಯ ವಿಳಾಸಕ್ಕೇ ಸುದ್ದಿ ಮುಟ್ಟಿಸುತ್ತವೆ. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತು. ಮುಂಬಯಿಯಲ್ಲಿ ನನಗೆ ಪೆಟ್ಟು ಬಿದ್ದಾಗಲೆಲ್ಲ, ಕೆಲಸ ಹೋಗುವಂತಾದಾಗ, ಜ್ವರದಲ್ಲಿ ಚಾಳಿನ ಕೋಣೆಯಲ್ಲಿ ಒಬ್ಬನೇ ಮಲಗಿದಾಗ, ನೊಂದದ್ದು ಇಲ್ಲಿಯ ನಾನಲ್ಲ, ಅಲ್ಲೆಲ್ಲೋ ಅಮ್ಮನ ಹೊಟ್ಟೆಯ ಹತ್ತಿರದವನು.

ಕಣ್ಣೊರೆಸಿಕೊಳ್ಳುವುದನ್ನು ಕಂಡು ವಾರಿಜ ಹತ್ತಿರ ಬಂದು ಕೂತಳು. ಈ ಬಾರಿ ನನಗೆ ಸಂಸ್ಕೃತ ನೆನಪಾಗಲಿಲ್ಲ. ಊರಿನಿಂದ ಬರುವಾಗ ನಮ್ಮ ರೈಲು ಇನ್ನೇನು ಮುಂಬಯಿ ಬಂತೆನ್ನುವಾಗ ಪನ್ವೇಲಿನ ಹೊರಗೆ ಸಿಗ್ನಲಿಗೆ ಕಾದು ನಿಂತುಬಿಡುತ್ತದಲ್ಲ, ಪುಟ್ಟನದ್ದೂ ಹಾಗೆಯೇ ಆಗಿದೆ. ಒಂದು ಮನೆ ಸೇರಿದೆ, ಇನ್ನೊಂದು ಪನ್ವೇಲಿನಲ್ಲಿ ನಿಂತಿದೆ ಎಂದೆ. ಆ ನಿಲುಗಡೆಯ ಸೆಕೆಯನ್ನು ಮಕ್ಕಳನ್ನು ಕಟ್ಟಿಕೊಂಡು ಅನುಭವಿಸಿದವಳು ಅವಳು. ತಡವಾದರೂ ರೈಲು ಬಂದೇ ಬರುತ್ತದಲ್ಲ ಎಂದು ವಾದಿಸಿದಳು. ಇದರ ಸಿಗ್ನಲು ಇನ್ನು ಬೀಳುವುದಿಲ್ಲ, ನಾವೇ ಹೋಗಿ ಕರೆತರಬೇಕು ಎಂದೆ. ಬೀಗರ ಮಾತೆಲ್ಲ ನೆಪ, ಅಷ್ಟು ಚಿಕ್ಕ ಮಗುವಿಗೆ ಮತ್ತುಮದ್ದು ಕೊಟ್ಟರೆ ಎಚ್ಚರವಾಗದಿದ್ದರೆ ಎಂಬುದೇ ತನ್ನ ಹೆದರಿಕೆ ಎಂದು ಒಪ್ಪಿಕೊಂಡಳು. ನನಗೂ ಅದೇ ಹೆದರಿಕೆ ಎಂದೆ. ಅವಳು ಪುಟ್ಟನ ಅಂಗಾಲು ಸವರಿದಳು.

‘ಆ ಸೆಕೆಯಲ್ಲಿ ಎಷ್ಟೂಂತ ಕೂತುಕೊಳ್ಳುವುದು, ಪಾಪ’ ಎಂದಳು. ‘ಹೋಗಿ ಇಳಿಸಿಕೊಂಡು ಬನ್ನಿ.’

ಆಪರೇಷನ್ನಿನ ದಿನ ಬೆಳಿಗ್ಗೆ ಪುಟ್ಟನನ್ನು ಒಳಗೆ ಒಯ್ದ ಮೇಲೆ, ವಾರಿಜ ಶ್ವೇತಾಳ ಕೈ ಹಿಡಿದು ಬೆಂಚಿನ ಮೇಲೆ ಕೂತಳು, ಪ್ರಶಾಂತ ಅತ್ತಿಂದಿತ್ತ ನಡೆದ, ನಾನು ಗೋಡೆಯ ಮೇಲಿನ ಸೂಚನೆಗಳ ಕಾಗುಣಿತ ತಿದ್ದುತ್ತ ನಿಂತೆ. ಸರ್ಜನ್ ಹೊರಬಂದು ನಗುತ್ತ ‘ಉತರ್ ಗಯಾ, ಕಾಕಾ’ ಎಂದರು. ಕರ್ತೃಪದವಿಲ್ಲದ ಆ ವಾಕ್ಯದಷ್ಟು ಪರಿಪೂರ್ಣವಾದ ವಾಕ್ಯವನ್ನು ನಾನು ಕೇಳಿದ್ದಿಲ್ಲ. ಒಳಗಿನಿಂದ ಪುಟ್ಟನ ಅಳು ಕೇಳಿಸಿತು. ಅದನ್ನು ಕೇಳಿ ನಾವೆಲ್ಲ ನಕ್ಕೆವು.

ಮೊನ್ನೆ ಹಳೆಯ ಗೆಳೆಯರನ್ನು ಕಾಣಲೆಂದು ಬೈಕುಲ್ಲಾಕ್ಕೆ ಹೊರಟವನು ಲೋಕಲಿನ ಬಾಗಿಲ ಬಳಿ ನಿಂತಿದ್ದೆ. ಪುಟ್ಟ ಆಗಷ್ಟೇ ಗೋಡೆ ಹಿಡಿದು ನಡೆಯತೊಡಗಿದ್ದ. ಮನಸ್ಸು ಅಲ್ಲೇ ಇತ್ತು. ಹಿಂದಿನಿಂದ ಯಾರೋ ‘ಉತರೇಗಾ ಕ್ಯಾ?’ ಎಂದು ಕೇಳಿದ್ದಕ್ಕೆ, ನನಗರಿವಿಲ್ಲದೆ ‘ಇಳೀತು’ ಎಂದುಬಿಟ್ಟೆ.

‘ಏನ್ ಇಳೀತ್ರಿ ಅಜ್ಜಾರ?’ ಎಂದ ಆತ. ವಿಜಯಪುರದ ಕಡೆಯವನಿರಬೇಕು, ಹೆಗಲ ಮೇಲೆ ಗಾರೆ ಕೆಲಸದ ಸಾಮಾನಿನ ಚೀಲವಿತ್ತು.

ನಾಮಪದ ನನ್ನ ಬಾಯಿಗೂ ಬರಲಿಲ್ಲ. ‘ಮೊಮ್ಮಗಂದು’ ಎಂದೆ.

‘ಜ್ವರಾ ಏನ್ರಿ? ಚಲೋ ಆತ್ ಬಿಡ್ರಿ’ ಎಂದು ಅವನು ಬಿಟ್ಟ ಸ್ಥಳವನ್ನು ತನ್ನ ಶಬ್ದದಿಂದ ತುಂಬಿಕೊಂಡ. ‘ಈಗ ನೀವೂ ಇಳೀರಿ, ದಾದರ್ ಬಂತು.’

ಇಳಿದೆ.