ವೀಸಾಕ್ಕಿಂತ ಮೊದಲು ಬಂದ ವಾಸನೆ

ದೆವ್ವ, ಗಾಳಿ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳುವುದು, ಇವುಗಳ ಮಾತೆತ್ತಿದರೆ ಬೇರೆಯವರಿಗೆ ಭಯವಾಗುತ್ತದೆ ಅಥವಾ ನಗು ಬರುತ್ತದೆ. ನನಗೆ ಹೇಸಿಗೆಯಾಗುತ್ತಿತ್ತು. ನಾನು ಮಾನ್ವಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದೇವದುರ್ಗದ ನಮ್ಮ ಓಣಿಯಲ್ಲಿ ಜ್ವರ ಬಂದ ಹೆಣ್ಣುಮಗಳೊಬ್ಬಳನ್ನು ಗಾಳಿ ಹಿಡಿದಿದೆ ಎಂದು ಕಸಬರಿಗೆಯಿಂದ ಬಡಿದದ್ದನ್ನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡವಳು. ಹೀಗಾಗಿ ಯಾರಾದರೂ "ನನಗೊಂದು ವಿಚಿತ್ರ ಅನುಭವ ಆಯ್ತು" ಎಂದು ಶುರುಮಾಡಿದರೆ ಸಾಕು, ಎದ್ದು ಹೋಗುತ್ತಿದ್ದೆ. ಈಗ ನಾನೇ ಆ ಮಾತು ಹೇಳಬೇಕಾಗಿ ಬಂದಿದೆ. ನೀವೂ ಎದ್ದು ಹೋಗುವುದಾದರೆ ಹೋಗಿ, ನನಗೆ ಬೇಸರವಿಲ್ಲ.

ಮೊದಲು ನನ್ನ ಮನೆಯೊಡತಿ ಹಲೀಮಾ ಖಾಲಾನ ವಿಷಯ ಹೇಳಬೇಕು. ನೌಕರಿ ಸಿಕ್ಕು ಮಾನ್ವಿಗೆ ಬಂದಾಗ ನನಗೆ ಬಾಡಿಗೆ ಮನೆ ಸಿಗಲಿಲ್ಲ. ಕೇಳಿದಲ್ಲೆಲ್ಲ ಮೊದಲು ಊರು, ಆಮೇಲೆ ಅಡ್ಡಹೆಸರು, ಕೊನೆಗೆ ಏನು ತಿನ್ನುತ್ತೀರಿ ಎಂಬ ಪ್ರಶ್ನೆ. ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ ಎಂದ ಕೂಡಲೇ ಮನೆ ಬಾಡಿಗೆಗೆ ಇಲ್ಲವೇ ಇಲ್ಲ ಎಂದಾಗುತ್ತಿತ್ತು. ವಾಸನೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳಿದವರೂ ಇದ್ದರು. ಜನರ ಮೂಗಿನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆಗಲೇ. ಖಾಲಾ ಮಾತ್ರ ಏನೂ ಕೇಳದೆ ತನ್ನ ಮನೆಯ ಮಾಳಿಗೆಯ ಕೋಣೆ ಕೊಟ್ಟಳು. ನಾನೇ ಬಿಗುಮಾನದಿಂದ "ನಾನು ಒಣಮೀನು ತಿನ್ನಾಕಿರೀ" ಎಂದೆ. ಅವಳು ನಕ್ಕು, "ವಾಸನಿ ಬಂತಂದ್ರ ನನ್ನೂ ಕರೀ ಬೇಟಿ" ಎಂದಳು.

ಅವಳು ಹಾಗೆ ಅಂದದ್ದಕ್ಕೆ ಕಾರಣ ಕುವೈತಿನ ಅಡುಗೆಮನೆ. ಗಂಡ ತೀರಿದ ಮೇಲೆ ಖಾಲಾ ಅಲ್ಲಿ ಬಹಳ ವರ್ಷ ಮನೆಗೆಲಸ ಮಾಡಿದ್ದಳು. ಜೊತೆಗೆ ಮರಿಟೆಸ್ ಎಂಬ ಫಿಲಿಪೈನ್ಸಿನ ಹೆಂಗಸು. ಇಬ್ಬರಿಗೂ ಮೊದಮೊದಲು ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲವಂತೆ. ಯಜಮಾನರ ಮನೆಯಲ್ಲಿ ಒಣಮೀನು ಹುರಿಯುವುದು ನಿಷಿದ್ಧ. ಶುಕ್ರವಾರ ಮನೆಯವರೆಲ್ಲ ಹೊರಗೆ ಹೋದಾಗ ಇವರಿಬ್ಬರೂ ಚಿಕ್ಕ ಒಲೆಯೊಂದನ್ನು ಮಾಳಿಗೆಗೆ ಒಯ್ದು, ಮರಿಟೆಸ್ ತನ್ನ ಊರಿಂದ ತಂದ ಒಣಮೀನು ಹುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿದ ವಿನೆಗರಿನಲ್ಲಿ ಅದ್ದಿ, ಬಿಳಿ ಅನ್ನದ ಜೊತೆ ತಿನ್ನುತ್ತಿದ್ದರು. ಖಾಲಾ ಆ ಊಟದ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ಕೊನೆಕೊನೆಗೆ ನನಗೂ ಅದರ ರುಚಿ ಗೊತ್ತಿದೆ ಅನಿಸುತ್ತಿತ್ತು.

ಊರಿಗೆ ಮರಳಿ ಕೆಲವು ವರ್ಷಗಳಾದ ಮೇಲೆ ಖಾಲಾನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ರಾಯಚೂರಿನ ಆಸ್ಪತ್ರೆಯವರು ನೋಡುವಷ್ಟು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳು ಕೇಳಿದ್ದು ಒಂದೇ. "ಬೇಟಿ, ಆಕಿನ್ನ ಒಮ್ಮಿ ಕರಸು. ಆಕಿ ಕೈಲೆ ಒಂದ್ ತುತ್ತು ಉಂಡ್ರ ಸಾಕು ನಂಗ."

ಮರಿಟೆಸ್ ಆಗಲೂ ಕುವೈತಿನ ಅದೇ ಮನೆಯಲ್ಲಿದ್ದಳು. ಫೋನಿನಲ್ಲಿ ಸುದ್ದಿ ತಿಳಿದು ಅತ್ತಳು. ಯಜಮಾನಿಯ ಕೈಕಾಲು ಹಿಡಿದು ಒಂದು ವಾರದ ರಜೆ ಗಿಟ್ಟಿಸಿದಳು. ಆ ವಾರ ತಪ್ಪಿದರೆ ಇನ್ನು ರಜೆ ಇಲ್ಲ. ಬೇಕಾದದ್ದು ಭಾರತದ ಪ್ರವಾಸಿ ವೀಸಾ. ಅದು ಈಗ ಆನ್‌ಲೈನಿನಲ್ಲೇ ಆಗುತ್ತದೆ ಎಂದು ನಾನು ಧೈರ್ಯ ಹೇಳಿದೆ.

ಇತ್ತ ಖಾಲಾನ ಮೈದುನ ಜಬ್ಬಾರ್ ಭಾಯ್ ತಕರಾರು ತೆಗೆದ. ಅವಳು ಕಟ್ಟಿಸಿದ ಮನೆಯಲ್ಲಿ, ಅವಳು ತಂದ ಫ್ಯಾನಿನ ಕೆಳಗೆ ಕೂತು, "ಆಕಿ ಏನೇನ್ ತಿಂತಾಳೋ ಏನೋ ಟೀಚರ್. ನಮ್ಮ ಮನ್ಯಾಗ ಅಂಥಾಕಿನ್ನ ಇಟ್ಕೊಂಡ್ರ ಮಂದಿ ಮಾರಿ ಮ್ಯಾಲೆ ಉಗುಳ್ತಾರ" ಎಂದ. ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ. ಇವನು ಗಳ ಎಣಿಸಿದ್ದಲ್ಲದೆ ಮನೆ ತನ್ನದೇ ಅನ್ನುತ್ತಿದ್ದ. ನಾನು ನೋಡಿದ ಮೂಗು ಮುರಿಯುವವರ ಪೈಕಿ ಇವನೂ ಒಬ್ಬ, ಅಷ್ಟೆ. ಬರುವವಳು ನನ್ನ ಕೋಣೆಯಲ್ಲಿ ಇರುತ್ತಾಳೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ವೀಸಾದ ಕೆಲಸಕ್ಕೆ ಕೂತಾಗ ಮೊಬೈಲಿನಲ್ಲಿ ತೆರೆದ ಮೊದಲ ತಾಣವೇ ಮೋಸದ್ದು. ತಾಜಮಹಲಿನ ಚಿತ್ರ, ತ್ರಿವರ್ಣದ ಪಟ್ಟಿ, ಎಲ್ಲ ಸರ್ಕಾರದ್ದೇ ಅನ್ನಿಸುವಂತಿತ್ತು. ಸಾಯುವವಳನ್ನು ನೋಡಲು ಬರುವವಳ ಕಿಸೆಗೂ ಕೈಹಾಕಲು ಕೂತವರು. ಅದೃಷ್ಟಕ್ಕೆ ಹಣ ಕಟ್ಟುವ ಮೊದಲೇ ಅನುಮಾನ ಬಂತು. ನಿಜವಾದ ತಾಣ ಸಿಕ್ಕಿತು, ಆದರೆ ನನ್ನ ಫೋನಿನಲ್ಲಿ ಪಾಸ್‌ಪೋರ್ಟಿನ ಪ್ರತಿಯನ್ನು ಅವರು ಕೇಳುವ ಅಳತೆಗೆ ತರಲು ಆಗಲಿಲ್ಲ. ತುಂಬಿದ್ದೆಲ್ಲ ಅರ್ಧಕ್ಕೆ ಅಳಿಸಿಹೋಗುತ್ತಿತ್ತು. ಕೊನೆಗೆ ರಾಯಚೂರಿಗೆ ಹೋಗಿ ಸ್ಟೇಷನ್ ರಸ್ತೆಯ ಕಡೆಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಕೂತೆ.

ಆ ಸೆಂಟರಿನವನ ಬಾಯಿ ತುಂಬ ಗುಟ್ಕಾ. ಮಾತಾಡಬೇಕಾದಾಗ ಮುಖ ಮೇಲೆತ್ತಿ, ತುಟಿ ತೆರೆಯದೆ ಗಂಟಲಿನಲ್ಲೇ ಮಾತಾಡುತ್ತಿದ್ದ. ಕೀಬೋರ್ಡಿನ ಸಂದಿಗಳಲ್ಲಿ ಕೆಂಪು ಜಿಗುಟು. ನನಗೆ ವಾಕರಿಕೆ ಬಂದರೂ ತಡೆದುಕೊಂಡು ಒಂದೊಂದೇ ವಿವರ ಹೇಳಿದೆ. ಭಾರತದಲ್ಲಿ ಯಾರ ಪರಿಚಯ ಎಂಬಲ್ಲಿ ಖಾಲಾನ ಹೆಸರು, ಇಳಿಯುವ ವಿಮಾನ ನಿಲ್ದಾಣ ಹೈದರಾಬಾದ್, ನೋಡುವ ಸ್ಥಳ ಮಾನ್ವಿ. "ಮಾನ್ವ್ಯಾಗ ಏನ್ ನೋಡ್ತಾಳ್ರೀ ಮೇಡಂ?" ಎಂದು ಅವನು ನಕ್ಕ. ಫೋಟೋದ ಹಿಂದೆ ಬಿಳಿ ಬಣ್ಣ ಇರಬೇಕಲ್ಲ, ಮರಿಟೆಸ್ ಯಜಮಾನರ ಮನೆಯ ಬಿಳಿ ಫ್ರಿಜ್ಜಿಗೆ ಬೆನ್ನು ಹಚ್ಚಿ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದಳು. ಅದನ್ನೇ ಏರಿಸಿದೆವು.

ಆಮೇಲೆ ಕಾಯುವುದು. ಖಾಲಾಗೆ ನೀರೂ ಇಳಿಯದಂತಾಯಿತು. ಮರಿಟೆಸ್‌ಗೆ ಒಪ್ಪಿಗೆಯೂ ಬರಲಿಲ್ಲ, ನಿರಾಕರಣೆಯೂ ಬರಲಿಲ್ಲ. ರಜೆಯ ವಾರ ಕರಗುತ್ತ ಬಂದು, ಶುಕ್ರವಾರ ಬೆಳಿಗ್ಗೆ ಅವಳು ಫೋನು ಮಾಡಿ, ಇವತ್ತು ಹೊರಡದಿದ್ದರೆ ಮುಗಿಯಿತು ಎಂದಳು. ನಾನು ಮೊದಲ ಬಸ್ಸಿಗೆ ರಾಯಚೂರಿಗೆ ಓಡಿದೆ. ಸೆಂಟರಿನವನು ತನ್ನ ಮೇಲ್ ತೆರೆದ. ಜಾತಿ ಪ್ರಮಾಣಪತ್ರ, ಬೆಳೆವಿಮೆ, ಪರೀಕ್ಷೆ ಅರ್ಜಿಗಳ ಓದದ ಮೇಲ್‌ಗಳ ರಾಶಿಯ ಕೆಳಗೆ ವೀಸಾದವರ ಮೇಲ್ ಬಿದ್ದಿತ್ತು. ಫೋಟೋದಲ್ಲಿ ಕಿವಿಯ ಹಿಂದೆ ಫ್ರಿಜ್ಜಿನ ಹಿಡಿಕೆ ಕಾಣುತ್ತದೆ, ಬೇರೆ ಫೋಟೋ ಏರಿಸಿ ಎಂದು ಅವರು ಎಂದೋ ಕೇಳಿದ್ದರು.

"ಆಕಿ ಮೇಲ್ ಐಡಿ ಬರ್ಕೊಟ್ಟಿದ್ದೆನಲ್ರೀ ನಿಮಗ!" ಎಂದೆ.

"ನಾವು ಎಲ್ಲಾರಿಗೂ ನಮ್ದೇ ಹಾಕ್ತೀವ್ರೀ ಮೇಡಂ. ಮಂದಿ ತಮ್ದು ಮರ್ತುಬಿಡ್ತಾರ" ಎಂದು ಹೇಳಿ ಪಕ್ಕದ ಡಬ್ಬಿಗೆ ಉಗುಳಿದ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಕೇಳಿದ್ದೆ. ಆ ಪೂಜಾರಿಯ ಮುಖ ಅವತ್ತು ನೋಡಿದೆ. ಮರಿಟೆಸ್‌ನಿಂದ ಬೇರೆ ಫೋಟೋ ತರಿಸಿ ಏರಿಸಿದೆವು. ಆದರೆ ಇನ್ನೂ ಕೆಲವು ದಿನ ಬೇಕು, ಅವಳ ರಜೆಗೆ ಆ ದಿನಗಳಿಲ್ಲ. ಬರುವುದು ಆಗುವುದಿಲ್ಲ ಎಂದು ಅವಳಿಗೆ ತಿಳಿಸಿದೆ. ಅವಳು ಫೋನ್ ಇಟ್ಟಳು. ಮಧ್ಯಾಹ್ನದ ಉರಿಬಿಸಿಲಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಖಾಲಾಗೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತ ಮಾನ್ವಿಗೆ ಬಂದೆ.

ಇಲ್ಲಿಂದ ಮುಂದೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಓಣಿಯ ತಿರುವಿನಲ್ಲೇ ವಾಸನೆ ಬಡಿಯಿತು. ಒಣಮೀನು ಹುರಿಯುವ ವಾಸನೆ. ಅದರ ಜೊತೆ ಹುಳಿಯಾದ, ಮೂಗು ಸುಡುವ ಇನ್ನೊಂದು. ಬಾಗಿಲಲ್ಲಿ ಜಬ್ಬಾರ್ ಭಾಯ್ ಕರವಸ್ತ್ರದಿಂದ ಮೂಗು ಕಟ್ಟಿಕೊಂಡು ಬಕೆಟ್ಟಿನಿಂದ ಫಿನಾಯಿಲ್ ಸುರಿಯುತ್ತಿದ್ದ. ನನ್ನನ್ನು ಕಂಡವನೇ, "ಏನ್ ತಂದಿಟ್ಟೀರಿ ಟೀಚರ್ ಮ್ಯಾಲೆ? ಮನಿ ತುಂಬಾ ಬದ್ಬೂ! ನಮಾಜಿನಿಂದ ಬಂದಾಗಿಂದ ತೊಳ್ಯಾಕತ್ತೀನಿ, ಹೋಗವಲ್ದು" ಎಂದು ಕೂಗಿದ. ನಾನು ಅವನನ್ನು ಮಾಳಿಗೆಗೆ ಕರೆದೊಯ್ದು ನನ್ನ ಕೋಣೆಯ ಡಬ್ಬಿಗಳನ್ನೆಲ್ಲ ತೆಗೆದು ತೋರಿಸಿದೆ. ಮೀನಿನ ಚೂರೂ ಇರಲಿಲ್ಲ. ಕೆಳಗೆ ಗ್ಯಾಸ್ ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಅಕ್ಕಪಕ್ಕದ ಮನೆಗಳಿಗೆ ಹೋಗಿ ನಾಚಿಕೆ ಬಿಟ್ಟು ಕೇಳಿದೆ. ಅವರೂ ನಮ್ಮ ಮನೆಯ ಕಡೆಗೇ ಕೈ ತೋರಿಸಿದರು. ಚರಂಡಿಯನ್ನೂ ಬಗ್ಗಿ ಮೂಸಿದೆ. ಅಲ್ಲಿದ್ದದ್ದು ಚರಂಡಿಯ ನಾತ ಮಾತ್ರ.

ವಾಸನೆ ಎಲ್ಲಕ್ಕಿಂತ ಗಾಢವಾಗಿದ್ದದ್ದು ಖಾಲಾನ ಕೋಣೆಯಲ್ಲಿ. ವಾರದಿಂದ ಮಗ್ಗುಲು ಬದಲಿಸಲಾಗದವಳು ಗೋಡೆಗೆ ಒರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಬರೀ ಬಿಳಿ ಅನ್ನ. ಜಬ್ಬಾರನ ಹೆಂಡತಿ ಶಮೀಮ್ ಪಕ್ಕದಲ್ಲಿ ಬೆವರುತ್ತ ನಿಂತಿದ್ದಳು. "ಅನ್ನ ಕೊಡು ಅಂದ್ರು, ಕೊಟ್ಟೀನ್ರೀ. ಸಾರೂ ಬ್ಯಾಡಂದ್ರು" ಎಂದು ಪಿಸುಗುಟ್ಟಿದಳು.

ಖಾಲಾ ಉಣ್ಣುತ್ತಿದ್ದಳು. ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಎರಡು ಬೆರಳಿನಿಂದ ಬಾಯೊಳಗಿಂದ ಏನನ್ನೋ ಎಳೆದು ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಮುಳ್ಳು ತೆಗೆದಿಡುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ನನ್ನವ್ವನೂ ಹಾಗೇ ಮಾಡುತ್ತಿದ್ದಳು. ನಾನು ಬಗ್ಗಿ ತಟ್ಟೆಯ ಅಂಚು ನೋಡಿದೆ. ಏನೂ ಇರಲಿಲ್ಲ. ಅವಳು ಮತ್ತೊಂದನ್ನು ತೆಗೆದು, ಮೊದಲಿನದರ ಪಕ್ಕದಲ್ಲೇ ಜೋಪಾನವಾಗಿ ಇಟ್ಟಳು. ನಾನು ಹೇಸಿ ಹಿಂದೆ ಸರಿದೆ. ಅದು ಮೀನಿನ ವಾಸನೆಗಲ್ಲ. ಆ ಖಾಲಿ ಅಂಚು ನೋಡಿ.

ಉಂಡು ಮುಗಿಸಿ, ಬೆರಳು ನೆಕ್ಕಿ, ನನ್ನ ಕಡೆ ತಿರುಗಿದಳು. ನಾನು ತಂದ ಸುದ್ದಿ ಇನ್ನೂ ಹೇಳಿರಲಿಲ್ಲ. "ಈಗ ಹ್ವಾದ್ಲು ನೋಡು ಬೇಟಿ. ರಜಾ ಇಲ್ಲಂತ, ಕುಂದ್ರಲೇ ಇಲ್ಲ. ನೀ ಸ್ವಲ್ಪ ಲಗೂ ಬರಬಾರ್ದಿತ್ತಾ?" ಎಂದಳು. ನಾನು ಹೂಂ ಎಂದೆ.

ಸಂಜೆಯ ಮಗ್ರಿಬ್ ಅಜಾನಿನ ಹೊತ್ತಿಗೆ ಖಾಲಾ ತೀರಿಕೊಂಡಳು. ವಾಸನೆ ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ.

ಮೂರನೆಯ ದಿನದ ಪ್ರಾರ್ಥನೆಗೆ, ಜಿಯಾರತ್‌ಗೆ, ಬಂದವರ ಮುಂದೆ ಜಬ್ಬಾರ್ ಭಾಯ್ ಹೇಳುತ್ತಿದ್ದದ್ದನ್ನು ಕೇಳಿ ನಾನು ಬೆಪ್ಪಾದೆ. "ಭಾಬಿ ಜೀವಾ ಹೋಗೂ ಮುಂದ ಮನಿ ತುಂಬಾ ಅತ್ತರಿನ ಖುಷ್ಬೂ ಬಂತ್ರೀ. ಅಂಥಾ ಪುಣ್ಯದ ಜೀವ" ಎಂದು ಕಣ್ಣೊರೆಸಿಕೊಂಡ. ಎಲ್ಲರೂ ತಲೆದೂಗಿದರು. ಫಿನಾಯಿಲ್ ಬಕೆಟ್ಟು ಅವನ ಹಿಂದೆಯೇ ಇತ್ತು. ಥೂ! ಗುಟ್ಕಾದವನ ಮೇಲೆ ಬಂದ ಹೇಸಿಗೆಗಿಂತ ಹೆಚ್ಚಿನ ಹೇಸಿಗೆ ನನಗೆ ಅವತ್ತು ಬಂತು. ಆ ಕಥೆ ಈಗ ಓಣಿಯಲ್ಲೆಲ್ಲ ಓಡಾಡುತ್ತಿದೆ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಬಂದದ್ದು ಅತ್ತರಲ್ಲ, ಒಣಮೀನು. ಪವಾಡದ ಮಾತೆತ್ತಿದರೆ ಎದ್ದು ಹೋಗುತ್ತಿದ್ದವಳು ಒಂದು ಪವಾಡದ ಪರವಾಗಿ ಸಾಕ್ಷಿ ಹೇಳಬೇಕಾಗಿ ಬಂದದ್ದು ನನ್ನ ಹಣೆಬರಹ.

ಆಮೇಲೊಂದು ದಿನ ಸೆಂಟರಿನವನ ಫೋನು ಬಂತು. "ವೀಸಾ ಗ್ರಾಂಟ್ ಆಗ್ಯದ್ರೀ ಮೇಡಂ! ಸ್ವೀಟ್ ತರ್ರಿ" ಎಂದ. ನಾನು ಫೋನ್ ಇಟ್ಟೆ.

ಅದೇ ದಿನ ಮರಿಟೆಸ್ ಜೊತೆ ಮಾತಾಡಿದೆ. ವಾಸನೆಯ ವಿಷಯ ನಾನಾಗಿ ಎತ್ತಲಿಲ್ಲ. ಅವಳೇ ಹೇಳಿದಳು. ಖಾಲಾಗೆಂದು ಊರಿನಿಂದ ತರಿಸಿಟ್ಟಿದ್ದ ಒಣಮೀನನ್ನು ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದಳಂತೆ. ಆ ಶುಕ್ರವಾರ, ಬರುವುದು ಆಗುವುದಿಲ್ಲ ಎಂದು ನಾನು ತಿಳಿಸಿದ ಮೇಲೆ, ಪೆಟ್ಟಿಗೆ ಬಿಚ್ಚಿದರೆ ಮೀನು ಹಾಗೇ ಇದೆ, ವಾಸನೆ ಮಾತ್ರ ಇಲ್ಲ. ಅತ್ತು ಮೂಗು ಕಟ್ಟಿರಬೇಕು ಎಂದೆ. ಯಜಮಾನಿಯ ಅಡುಗೆಮನೆಯಲ್ಲಿ, ಯಜಮಾನಿಯ ಎದುರಿಗೇ ಹುರಿದೆ ಮೇಡಂ, ಆಕೆಗೂ ಗೊತ್ತಾಗಲಿಲ್ಲ ಎಂದಳು.

ಪ್ರತಿ ವರ್ಷ ಶಾಲೆ ಶುರುವಾದಾಗ ಒಂಬತ್ತನೇ ತರಗತಿಗೆ ನನ್ನ ಮೊದಲ ಪಾಠ ದ್ರವ್ಯದ ಕಣಗಳದ್ದು. ಮೂಲೆಯಲ್ಲಿ ಊದಿನಕಡ್ಡಿ ಹಚ್ಚಿ, ವಾಸನೆ ಬಂತೆಂದರೆ ಆ ವಸ್ತುವಿನ ಕಣವೇ ನಿಮ್ಮ ಮೂಗಿಗೆ ಬಂದಿದೆ ಎಂದರ್ಥ, ವಸ್ತು ಇಲ್ಲದೆ ವಾಸನೆ ಇಲ್ಲ ಎಂದು ಹೇಳುತ್ತೇನೆ. ಈ ವರ್ಷವೂ ಹೇಳಿದೆ. ಹೇಳುವಾಗ ಖಾಲಾ ತಟ್ಟೆಯ ಅಂಚಿಗೆ ಇಡುತ್ತಿದ್ದ ಮುಳ್ಳುಗಳು ನೆನಪಾಗಿ, ಕಡ್ಡಿಯನ್ನು ಅರ್ಧಕ್ಕೇ ಆರಿಸಿಬಿಟ್ಟೆ.