ಅಪ್ಪನ ನಿದ್ದೆ ಗೊತ್ತಿತ್ತು, ಅವ್ವನದು ಗೊತ್ತಿರಲಿಲ್ಲ

ತಾಳಗುಂದದಲ್ಲಿ ಬೆಳಗಿನ ಐದೂವರೆ. ಧರ್ಮಪ್ಪನವರ ಮನೆಯ ಬಚ್ಚಲಲ್ಲಿ ಹಂಡೆ ನೀರು ಕಾಯುವ ಹೊತ್ತಿಗೆ ಸುಂಕಲಮ್ಮ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿಕೊಂಡಿದ್ದಾರೆ. ಕಾಲ ಮೇಲೆ ಬೋರಲಾಗಿ ಮಲಗಿರುವ ಹನ್ನೊಂದು ತಿಂಗಳ ಕರುಣಾ ನೆಲದ ನೀರನ್ನು ಅಂಗೈಯಿಂದ ಬಡಿಯುತ್ತಿದೆ. ಮೊದಲ ತಂಬಿಗೆಯನ್ನು ಸುಂಕಲಮ್ಮ ತಮ್ಮ ಮೊಣಕಾಲಿಗೇ ಹೊಯ್ದುಕೊಂಡು ಬಿಸಿ ನೋಡುತ್ತಾರೆ. ಎರಡನೆಯದು ಕೂಸಿಗೆ.

"ಮೂರೂವರೆಗೇ ಎದ್ದೈತಂತೆ. ಮೊದಲ್ನೇ ಬಸ್ಸಿಗೆ ಹೋಗೋರಂಗೆ," ಎನ್ನುತ್ತಾರೆ.

ಸುಂಕಲಮ್ಮನಿಗೆ ಅರವತ್ತೆರಡು. ಗಂಡ ತೀರಿಕೊಂಡ ವರ್ಷ ಅತ್ತೆ ಕೈ ಹಿಡಿದು ಕಲಿಸಿದ ಕೆಲಸವಿದು. ಮೂವತ್ತೊಂದು ವರ್ಷದಿಂದ ಊರಿನ ಬಾಣಂತಿಯರಿಗೆ, ಕೂಸುಗಳಿಗೆ ಎರೆಯುತ್ತಿದ್ದಾರೆ. ದಿನಕ್ಕೆ ನಾಲ್ಕು ಮನೆ, ಒಂದೊಂದರಲ್ಲೂ ಮುಕ್ಕಾಲು ಗಂಟೆ. ಒಂದೇ ಬಚ್ಚಲಲ್ಲಿ ನಲವತ್ತು ತಂಬಿಗೆ ನೀರು ಎತ್ತಿ ಹೊಯ್ಯಬೇಕು. ಮಂಡಿ ಸವೆದಿದೆ, ಬೆರಳ ಸಂದು ಸದಾ ಬೆಳ್ಳಗೆ ಒಡೆದಿರುತ್ತದೆ. ಜ್ವರ ಬಂದರೂ ರಜೆಯಿಲ್ಲ, ಕೂಸು ಕಾಯುತ್ತಿರುತ್ತದೆ.

ಎಷ್ಟು ಕೂಸಿಗೆ ಎರೆದಿದ್ದೀರಿ ಎಂದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ಆದರೆ ಮೈ ಒರೆಸಿ, ತೊಟ್ಟಿಲಿಗೆ ಹಾಕಿ, ಕಣ್ಣು ಮುಚ್ಚುವವರೆಗೂ ಕೂರುವವರಾದ್ದರಿಂದ ಯಾವ ಮನೆಯ ಕೂಸು ಹೇಗೆ ಮಲಗುತ್ತದೆ ಎಂಬುದು ಮಾತ್ರ ಬಾಯಿಪಾಠ. "ರಾಜಪ್ಪನ ಮನಿಯವು ಟವಲಿನ್ಯಾಗೇ ನಿದ್ದಿ ಹೋಗ್ತಾವೆ. ಮೂಕಮ್ಮನ ಮೊಮ್ಮಕ್ಕಳು ಎಲೆ ಅಲುಗಿದ್ರೂ ಎದ್ದು ಕೂರ್ತಾವೆ, ಅವರಪ್ಪಾನೂ ಹಂಗೇ ಇದ್ದ." ಅಪ್ಪಂದಿರನ್ನೂ ಕಾಲ ಮೇಲೆ ಹಾಕಿಕೊಂಡು ಎರೆದ ಕೈ ಅದು. ಹಾಗಾಗಿ ಕೂಸಿನ ನಿದ್ದೆಯ ವಿಷಯ ಬಂದರೆ ಊರಲ್ಲಿ ಸುಂಕಲಮ್ಮನ ಮಾತಿಗೆ ಎದುರು ಮಾತಿರಲಿಲ್ಲ.

ಅದೇ ಮಾತು ಮೂರು ತಿಂಗಳ ಹಿಂದೆ ಇದೇ ಕರುಣಾಳನ್ನು ಆಸ್ಪತ್ರೆಗೆ ಒಯ್ಯಿಸಿತು.

ಧರ್ಮಪ್ಪನವರ ಸೊಸೆ ಶಶಿರೇಖಾ ಸೊರಬದವಳು. ಚೊಚ್ಚಲ ಬಾಣಂತನ ತವರಿನಲ್ಲಿ ಮುಗಿಸಿ, ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ಕೂಸು ಸಂಜೆ ಏಳಕ್ಕೆ ಮಲಗಿ ಮೂರೂವರೆಗೆ ಎದ್ದರೆ ಮುಗಿಯಿತು, ಮತ್ತೆ ಮಲಗುವುದಿಲ್ಲ. ಮೂರು ತಿಂಗಳು ಹೀಗೇ ನೋಡಿದ ಅತ್ತೆ ಲೋಕಮ್ಮ ಒಂದು ದಿನ ಬಚ್ಚಲ ಬಾಗಿಲಲ್ಲಿ ನಿಂತು, "ನಮ್ಮ ವಂಶದಾಗೆ ಇಂಥದ್ದು ಇಲ್ಲ. ಏನಂತೀಯೇ ಸುಂಕಲಿ?" ಎಂದು ಕೇಳಿದರು. ಸುಂಕಲಮ್ಮ ಯೋಚಿಸಲೂ ಇಲ್ಲ. "ನಿನ್ನ ಮಗ ಯೋಗೇಶನ್ನ ನಾನೇ ಎರೆದೀನಿ. ಹೊತ್ತೇರೋ ತನಕ ಎಬ್ಬಿಸಿದ್ರೂ ಏಳ್ತಿರ್ಲಿಲ್ಲ. ಇದು ತಾಯಿ ಹಾಲಿಂದೇ ದೋಷ," ಎಂದುಬಿಟ್ಟರು.

ಆ ಮಾತು ಸೊಸೆಯ ತಲೆಯ ಮೇಲೆ ಕೂತಿತು. ಖಾರ ತಿಂತಾಳೆ, ಮೊಬೈಲ್ ನೋಡ್ತಾಳೆ, ಕೂಸನ್ನ ತಟ್ಟಿ ಮಲಗಿಸೋಕೆ ಬರಲ್ಲ ಎಂಬ ಮಾತುಗಳು ಶುರುವಾದವು. ವಾರದೊಳಗೆ ಲೋಕಮ್ಮ ನಿದ್ದೆ ಬರಲೆಂದು ಗಸಗಸೆ ಅರೆದು ಹಾಲಿಗೆ ಬೆರೆಸಿ ಕೂಸಿಗೆ ಕುಡಿಸತೊಡಗಿದರು. ಶಶಿರೇಖಾ ಬೇಡವೆಂದರೂ ಯಾರೂ ಕೇಳಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಸುಂಕಲಮ್ಮನ ಕಾಲ ಮೇಲೆ ಹಾಕಿದ ಕೂಸಿನ ಕತ್ತು ಪಕ್ಕಕ್ಕೆ ವಾಲಿತು. ನೀರು ಹೊಯ್ದರೂ ಅಳಲಿಲ್ಲ.

"ತಂಬಿಗೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಒದ್ದೆ ಸೀರ್‍ಯಾಗೇ ಯೋಗೇಶನ ಬೈಕ್ ಹತ್ತಿದೆ," ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರ್ ನಾಗಶ್ರೀ ಇಡೀ ದಿನ ಕೂಸನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡರು. ಸಂಜೆ ಅದು ಹಾಲಿಗೆ ಬಾಯಿ ಹಾಕಿದ ಮೇಲೆಯೇ ಎಲ್ಲರನ್ನೂ ಕೂರಿಸಿ ಬೈದರು. ಕೂಸಿಗೆ ಗಸಗಸೆ ಕೊಟ್ಟರೆ ಉಸಿರೇ ನಿಲ್ಲಬಹುದು ಎಂದರು. ಬೇಗ ಮಲಗಿ ಬೇಗ ಏಳುವುದು ರೋಗವಲ್ಲ. ನಿದ್ದೆಯ ಹೊತ್ತು, ಉದ್ದ, ಇವುಗಳಲ್ಲಿ ಒಂದು ಪಾಲು, ಮೈಬಣ್ಣ ಗುಂಗುರು ಕೂದಲಿನ ಹಾಗೆ, ಹೆತ್ತವರಿಂದ ಬರುತ್ತದೆ, ಉಳಿದ ಪಾಲು ಮನೆಯ ರೂಢಿ ಎಂದು ತಿಳಿಸಿ ಹೇಳಿದರು. ಆಮೇಲೆ, "ಅಪ್ಪಂದು ಹೇಳಿದ್ರಿ. ಇವಳು ಕೂಸಾಗಿದ್ದಾಗ ಹೆಂಗೆ ಮಲಗ್ತಿದ್ಲು?" ಎಂದು ಶಶಿರೇಖಾಳತ್ತ ಕೈ ತೋರಿದರು.

ಯಾರಿಗೂ ಗೊತ್ತಿರಲಿಲ್ಲ. ಊರಿನ ಗಂಡುಮಕ್ಕಳ ನಿದ್ದೆಯೆಲ್ಲ ಸುಂಕಲಮ್ಮನಿಗೆ ಗೊತ್ತು. ಸೊಸೆಯರು ಹೊರಗಿನಿಂದ ಬಂದವರು, ಅವರನ್ನು ಎರೆದ ಕೈ ಬೇರೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಸುಂಕಲಮ್ಮನಿಗೆ ತಾಯಿಯ ಕಡೆ ಕೇಳಬೇಕು ಅನ್ನಿಸಿರಲಿಲ್ಲ.

ಮರುದಿನ ನಾಲ್ಕೂ ಮನೆ ಮುಗಿಸಿ ಬಸ್ಸು ಹತ್ತಿದರು. ಸೊರಬದಲ್ಲಿ ಶಶಿರೇಖಾಳನ್ನು ಎರೆದವರು ಎಪ್ಪತ್ತು ದಾಟಿದ ಇಮಾಂಬೀ. ಹೆಸರು ಹೇಳಿದ್ದೇ ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರಂತೆ. "ಆ ಹುಡುಗೀನಾ ಮಾರಾಯ್ತಿ? ನಾನು ಕತ್ತಲಲ್ಲಿ ಬಂದ್ರೆ ತೊಟ್ಟಿಲ ಹಗ್ಗ ಹಿಡ್ಕಂಡು ಕೂತಿರ್ತಿತ್ತು. ಅವಳ ತಾಯಿ ಗೋಳೋ ಅಂತಿದ್ಲು."

"ನಾನು ಅಪ್ಪನ ಕಡೆ ನೋಡಿದ್ದೆ ಬೂಬಮ್ಮ," ಎಂದರು ಸುಂಕಲಮ್ಮ ಮುದುಕಿಗೆ.

"ಕೂಸು ಅಪ್ಪ ಒಬ್ಬಂದೇ ಏನೇ? ಇಷ್ಟು ವರ್ಷ ಎರೆದು ಕಲ್ತಿದ್ದು ಇದೇನಾ?"

ಸುಂಕಲಮ್ಮ ಆ ಬೈಗುಳವನ್ನು ಹಾಗೇ ಹೊತ್ತು ತಂದರು. ಧರ್ಮಪ್ಪನವರ ಪಡಸಾಲೆಯಲ್ಲಿ ಎಲ್ಲರ ಎದುರು, "ತಪ್ಪು ಈ ಹುಡುಗೀದಲ್ಲ, ನಂದು. ಬೇಕಾದ್ರೆ ನಾಳಿಂದ ಬೇರೆಯೋರ್ನ ಕರ್ಕಳ್ರಿ," ಎಂದರು. ಲೋಕಮ್ಮ, "ನಾಳೆ ಬೇಗ ಬಾ. ನೀರು ನಾನೇ ಕಾಸಿರ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಕೂಸಿನ ನಿದ್ದೆ ಬದಲಾಗಿಲ್ಲ, ಮನೆ ಬದಲಾಗಿದೆ. ಮೂರೂವರೆಗೆ ಕರುಣಾ ಎದ್ದರೆ ಈಗ ಎತ್ತಿಕೊಳ್ಳುವುದು ಲೋಕಮ್ಮ. ಮೊಮ್ಮಗಳಿಗೆ ಕೊಟ್ಟಿಗೆಯ ದನ ತೋರಿಸುತ್ತಾ, "ಸೊರಬದೋಳು ನೋಡು ನೀನು," ಎಂದು ಗಲ್ಲ ಹಿಂಡುತ್ತಾರೆ.

ಇಂದಿನ ನಲವತ್ತು ತಂಬಿಗೆ ಮುಗಿದಿದೆ. ಟವಲಿನಲ್ಲಿ ಸುತ್ತಿದ ಕೂಸನ್ನು ಲೋಕಮ್ಮನ ಕೈಗಿತ್ತು ಸುಂಕಲಮ್ಮ ಗೋಡೆ ಹಿಡಿದು ಏಳುತ್ತಾರೆ. ನಡುಮನೆಯ ಬಾಗಿಲು ಇನ್ನೂ ಮುಚ್ಚಿದೆ. ಒಳಗೆ ಶಶಿರೇಖಾ ಮಲಗಿದ್ದಾಳೆ. ಅದನ್ನು ದಾಟುವಾಗ ಸುಂಕಲಮ್ಮ ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡು, ದನಿ ತಗ್ಗಿಸಿ ಹೇಳುತ್ತಾರೆ: "ಕೂಸು ಮಲಗಿಸೋದು ನನಗೆ ಮೊದ್ಲಿಂದ ಬರ್ತಿತ್ತು. ಈಗ ಒಬ್ಬ ತಾಯೀನೂ ಮಲಗಿಸೀನಿ ನೋಡ್ರಿ."